ಏಳು ಯೋಧರ ಹೂಜಿ

“ನೀರು ಮಾತ್ರ ತುಂಬಬೇಡ” ಎಂದು ಹ್ಯೂಸ್ಟನ್ನಿನ ಆ ಗ್ರೀಕ್ ಮುದುಕಿ ಎರಡೆರಡು ಸಲ ಹೇಳಿದ್ದಳು. ಸತ್ತ ಗಂಡನ ಸಾಮಾನನ್ನೆಲ್ಲ ಗ್ಯಾರೇಜಿನಲ್ಲಿ ಹರಡಿಕೊಂಡು ಮಾರುತ್ತಿದ್ದವಳು, ಆ ಹೂಜಿಯನ್ನು ಬಟ್ಟೆ ಸುತ್ತಿಯೇ ಮುಟ್ಟುತ್ತಿದ್ದಳು. ಕೆಮ್ಮಣ್ಣಿನ ಮೈ, ಅದರ ಸುತ್ತ ಈಟಿ ಗುರಾಣಿ ಹಿಡಿದ ಮಸಿಗಪ್ಪಿನ ಏಳು ಯೋಧರು. ಗೋರಿಯಿಂದ ತೆಗೆದದ್ದಂತೆ. ಅವರು ಬಾಯಾರಿ ಮಲಗಿದ್ದಾರಂತೆ. ಅವರ ನೀರು ಕುಡಿದವರು ಅವರ ಪಾಲಂತೆ. ಕೋಕ್ ಹಾಕಬಹುದೇ ಎಂದು ಕೇಳಿ ಜಯಂತ ನಕ್ಕು, ಅದನ್ನು ಕೊಂಡ. ಹೆಂಡತಿ ಕೋಕಿಲಾ ನಗಲಿಲ್ಲ.

ಅದು ಎರಡು ಸಾವಿರದ ಒಂದನೆಯ ಇಸವಿ. ಹ್ಯೂಸ್ಟನ್ ಬಿಟ್ಟು ಬಂದ ಮೇಲೆ, ಮೆಕಿನ್ನಿ ಊರಿನ ಹೊಸ ಮನೆಯ ಗೃಹಪ್ರವೇಶ. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ನೋಡಿದರೆ, ಕಲಶದ ಚೊಂಬು ಇನ್ನೂ ಬಾರದ ಸಾಮಾನಿನ ಟ್ರಕ್ಕಿನಲ್ಲಿದೆ. ಸ್ಟೀಲಿನದು ಬೇಡ, ಮಣ್ಣಿನದಾದರೂ ಆದೀತು ಎಂದರು ಪುರೋಹಿತರಾದ ಪ್ರಹ್ಲಾದಾಚಾರ್ಯರು. ಜಯಂತ ಒಂದೇ ಕೈಯಲ್ಲಿ ಹೂಜಿ ಹಿಡಿದು ತಂದ.

“ಬೇಡ ಕಣ್ರೀ. ಆ ಅಜ್ಜಿ ಹೇಳಿದ್ದು ನೆನಪಿಲ್ವಾ?”

“ಮೈಸೂರಿನ ದೆವ್ವ ಸಾಲದು ಅಂತ ಗ್ರೀಸಿಂದೂ ಬೇಕಾ ನಿಂಗೆ? ನೀರು ಹಾಕು.”

ನೀರು ಬಿದ್ದೊಡನೆ ಒಳಗೆ ಯಾರೋ ಗಂಟಲು ಕೆರೆದಂತಾಯಿತು. ಸಾಂಬ್ರಾಣಿಯ ಹೊಗೆಯನ್ನು ಸೀಳಿಕೊಂಡು ತುಕ್ಕಿನ, ಹಳೆಯ ನೆತ್ತರಿನ ಕಮಟು ಎದ್ದಿತು. ಆವಾಹನೆ ನಡೆಯಿತು, ಪೂಜೆಯೂ ಮುಗಿಯಿತು. ಬಾಯಾರಿಕೆಯೆಂದು ರಚ್ಚೆ ಹಿಡಿದಿದ್ದ ಐದು ವರ್ಷದ ಮಗಳು ಸಿಯಾ ಕೈಯೊಡ್ಡಿದಳು. ತೀರ್ಥ ತಾನೇ ಎಂದು ಜಯಂತ ತೆಂಗಿನಕಾಯಿ ಸರಿಸಿ, ಉದ್ಧರಣೆಯಲ್ಲಿ ಆ ನೀರನ್ನೇ ಕೊಟ್ಟ.

ಕುಡಿದ ಮಗು ಹೂಜಿಯನ್ನೇ ನೋಡಿತು. “ಡ್ಯಾಡಿ, ದೇ ಆರ್ ಗಾನ್.”

ಹೂಜಿಯ ಮೈ ಬರಿದಾಗಿತ್ತು.

ಕರೆದವರನ್ನು ಕಳಿಸಲು ಕಲಶವನ್ನು ಉತ್ತರಕ್ಕೆ ಕದಲಿಸಬೇಕು. ಆಚಾರ್ಯರು ಎರಡೂ ಕೈಯಿಂದ ನೂಕಿದರು. ಜಯಂತ ಹೆಗಲು ಕೊಟ್ಟ. ಹೂಜಿ ಕೂದಲೆಳೆಯಷ್ಟೂ ಕದಲಲಿಲ್ಲ. ನಡುಹಗಲ ಬೆಳಕು ಕಂದಿತು. ಕಾರ್ಪೆಟ್ಟಿನ ಮೇಲೆ ಒದ್ದೆ ಹೆಜ್ಜೆ. ಇನ್ನೊಂದು. ಕಂಚಿಗೆ ಕಂಚು ತಾಗುವ ಸದ್ದು. ದೀಪ ಆರಿತು. ಅವನು ಮಗಳ ಕೈ ಹಿಡಿದ. ತಣ್ಣಗಿತ್ತು. ಜಾರಿತು. ಮುಷ್ಟಿಯಲ್ಲಿ ಬರೀ ನೀರು.

ಬೆಳಕು ಮರಳಿದಾಗ ಏಳೂ ಯೋಧರು ತಮ್ಮ ಜಾಗದಲ್ಲಿದ್ದರು. ಅವರ ನಡುವೆ, ಸುಣ್ಣದ ಬಿಳುಪಿನಲ್ಲಿ, ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಕೈಚಾಚಿ ನಿಂತಿದ್ದಳು.

ಜಯಂತ ಸುತ್ತಿಗೆ ಎತ್ತಿದ. ಆ ಕೈ ನೋಡಿ ಇಳಿಸಿದ. ಪೊಲೀಸರು ಬಂದರು, ಹುಡುಕಿದರು, ಹೋದರು. ಕೋಕಿಲಾ ಮಾತು ಬಿಟ್ಟಳು. ಮೂರನೆಯ ದಿನ ಹೂಜಿಯ ನೀರು ಇಳಿದಾಗ, ಬಿಳಿ ಹುಡುಗಿಯ ತುಟಿ ಒಣಗಿ ಬಿರಿದಿದ್ದನ್ನು ಅವನು ಕಂಡ.

ಅಂದಿನಿಂದ ದಿನವೂ ಆಫೀಸಿಗೆ ಹೊರಡುವ ಮುನ್ನ, ಅವನೇ ಅದಕ್ಕೆ ನೀರು ತುಂಬುತ್ತಾನೆ.