ಹಳೆ ಕಾರಿನ ಎಂಟು ಸಾವಿರ ಮೈಲಿ

ಮಾರ್ಚ್ 12, ಬುಧವಾರ ಬೆಳಿಗ್ಗೆ 6.25ಕ್ಕೆ ಅಮೆರಿಕದ ನೋವೈ ಊರಿನ ಪೊಲೀಸ್ ಠಾಣೆಗೆ ಸುದೀಪ್ ಎಂಬ ಎಂಜಿನಿಯರ್ ಫೋನ್ ಮಾಡಿದ. ತಮ್ಮ ಬಡಾವಣೆಯ ಎದುರು ರಸ್ತೆ ದಾಟುತ್ತಿದ್ದ ತನ್ನ ಹೆಂಡತಿ ತನ್ಮಯಿಗೆ ಕಾರೊಂದು ಗುದ್ದಿ, ನಿಲ್ಲದೆ ಹೋಗಿದೆ ಎಂದು ದೂರು ಕೊಟ್ಟ. ಆಕೆಗೆ ಪ್ರಜ್ಞೆ ಇರಲಿಲ್ಲ.

ಡಿಟೆಕ್ಟಿವ್ ವಿನಿತಾಗೆ ರಸ್ತೆಯಂಚಿನ ಹಿಮದಲ್ಲಿ ದಪ್ಪ ಗಾಜಿನ ಚೂರುಗಳು, ಕಡುಗೆಂಪು ಬಣ್ಣದ ಒಂದು ಚಕ್ಕೆ ಸಿಕ್ಕವು. ಗಾಜು ಸುಮಾರು ನಲವತ್ತು ವರ್ಷ ಹಿಂದಿನ ಹೆಡ್‌ಲೈಟಿನದು ಎಂದು ಲ್ಯಾಬ್ ಹೇಳಿತು. ಅಂಥ ಕಾರುಗಳಿಗೆ ಕಡಿಮೆ ಶುಲ್ಕದ ‘ಹಿಸ್ಟಾರಿಕ್’ ನಂಬರ್ ಪ್ಲೇಟ್ ಸಿಗುತ್ತದೆ, ವಿಮೆಯೂ ಅಗ್ಗ. ಆದರೆ ಅವನ್ನು ಕಾರ್ ಶೋ, ಪರೇಡುಗಳಿಗೆ ಒಯ್ಯಬಹುದೇ ಹೊರತು ದಿನದ ಓಡಾಟಕ್ಕೆ ಬಳಸಿದರೆ ದಂಡ. ಸುತ್ತಮುತ್ತ ಆ ಬಣ್ಣದವು ಮೂರಿದ್ದವು. ಅವುಗಳಲ್ಲಿ ಎರಡು ಈ ಚಳಿಗಾಲ ಪೂರ್ತಿ ಗೋದಾಮಿನಲ್ಲೇ ಇದ್ದವು.

ಗುರುವಾರ ಮಧ್ಯಾಹ್ನ 3.10. ಮೂರನೆಯದರ ಮಾಲೀಕ ಗುರುಶಾಂತಪ್ಪ, ಧಾರವಾಡ ಕಡೆಯ ನಿವೃತ್ತ ಬ್ರೇಕ್ ಎಂಜಿನಿಯರ್. ತಕರಾರು ಮಾಡದೆ ಗ್ಯಾರೇಜ್ ತೆರೆದರು. ಕಾರಿನ ಎಡ ಹೆಡ್‌ಲೈಟ್ ಮಾತ್ರ ಹೊಸದು. ವಿನಿತಾ ಮೀಟರ್ ನೋಡಿ, ವಿಮಾ ಕಂಪನಿಯಿಂದ ತರಿಸಿಕೊಂಡಿದ್ದ ಅವರ ಕಳೆದ ವರ್ಷದ ಅರ್ಜಿ ತೆರೆದಳು.

“ಅಂಕಲ್, ಲಾಸ್ಟ್ ಇಯರ್ ಎಷ್ಟು ಶೋಗೆ ಹೋದ್ರಿ?”

“ಎರಡಕ್ಕರಿ.”

“ಇದ್ರಲ್ಲಿ ಬರೆದಿರೋದಕ್ಕಿಂತ ಎಂಟು ಸಾವಿರ ಮೈಲಿ ಜಾಸ್ತಿ ಓಡಿದೆ.”

ಮನೆಯೊಳಗೆ ಹೋಗುವ ಬಾಗಿಲಲ್ಲಿ ಗುರುಶಾಂತಪ್ಪನವರ ಹೆಂಡತಿ ಪ್ರಭಾವತಿ ನಿಂತಿದ್ದರು. ತೋಳಿಗೆ ಬ್ಯಾಂಡೇಜ್ ಇತ್ತು.

“ನಿಲ್ಲಸ್ರಿ ಅಂದೆ ನಾ,” ಎಂದರು ಆಕೆ. “ನಿಲ್ಲಸಲಿಲ್ಲ.”

3.40ಕ್ಕೆ ವಿನಿತಾ ಬಂಧಿತರ ಹಕ್ಕುಗಳನ್ನು ಓದಿ ಹೇಳಿ ಗುರುಶಾಂತಪ್ಪನವರನ್ನು ಬಂಧಿಸಿದಳು.

ಠಾಣೆಯಲ್ಲಿ ಅವರು ಎಲ್ಲ ಹೇಳಿದರು. ಪ್ರಭಾವತಿಗೆ ವಾರಕ್ಕೆ ಮೂರು ಬೆಳಿಗ್ಗೆ ಡಯಾಲಿಸಿಸ್; ತೋಳಿನ ಬ್ಯಾಂಡೇಜ್ ಅದರದೇ, ಬುಧವಾರವೂ ಅಲ್ಲಿಗೇ ಹೊರಟಿದ್ದರು. ಎರಡು ಕಾರುಗಳ ವಿಮೆ ಕಟ್ಟಲಾಗದೆ ದಿನದ ಕಾರನ್ನು ಮಾರಿದ್ದರು. ಹಳೆಯದನ್ನು ಮಾರಲು ಮನಸ್ಸು ಬಂದಿರಲಿಲ್ಲ. ಗುದ್ದಿದಾಗ ಒಂದೇ ಯೋಚನೆ ಬಂತಂತೆ: ವಿಮೆ ನಡೆಯುವುದಿಲ್ಲ, ಕಾರು ಕಸಿದುಕೊಳ್ಳುತ್ತಾರೆ, ಶುಕ್ರವಾರ ಅಕಿನ್ನ ಹೆಂಗ ಕರಕೊಂಡು ಹೋಗೋದು?

“ಪ್ಲೇಟ್ ಮಿಸ್‌ಯೂಸ್ ಮಾಡಿದ್ದಕ್ಕೆ ಒಂದು ಸಣ್ಣ ಫೈನ್ ಅಷ್ಟೇ, ಅಂಕಲ್. ಜೈಲು ಆಗೋದು, ಗುದ್ದಿ ನಿಲ್ಲಿಸದೇ ಹೋಗಿದ್ದಕ್ಕೆ.”

“ಆ ಹುಡುಗಿ?” ಎಂದರು ಅವರು. ಬೆಳಿಗ್ಗೆ ಕಣ್ಣು ಬಿಟ್ಟಿದ್ದಾಳೆ, ಸೊಂಟ ಮುರಿದಿದೆ ಎಂದಳು ವಿನಿತಾ. ಅವರು ಮುಖ ಮುಚ್ಚಿಕೊಂಡರು.

ಶುಕ್ರವಾರ ಪ್ರಭಾವತಿಯನ್ನು ಕರೆದೊಯ್ಯಲು ಡಯಾಲಿಸಿಸ್ ಕೇಂದ್ರದ ವ್ಯಾನ್ ಬಂತು. ರೋಗಿಗಳಿಗೆ ಅದು ಉಚಿತ. ಇಷ್ಟು ದಿನ ಗುರುಶಾಂತಪ್ಪ ಯಾರನ್ನೂ ಕೇಳಿರಲೇ ಇಲ್ಲ.