ಶಿಖರದಿಂದ ಅರವತ್ತು ಅಡಿ ಕೆಳಗೆ

ಕಚೇರಿಯ ನಕ್ಷೆಯಲ್ಲಿ ಆ ಕಣಿವೆ ಹೆಬ್ಬೆರಳಿನಷ್ಟಿತ್ತು. ಅದರೊಳಗೆ ಹೊಕ್ಕ ವಿಮಾನಕ್ಕೆ ಹನ್ನೊಂದು ನಿಮಿಷ ನೆಲದ ಸಂಪರ್ಕವೇ ಇಲ್ಲ. ಹೋದ ತಿಂಗಳು ಮುಂದಿನ ರನ್‌ವೇ ಮಂಜಿನಿಂದ ಮುಚ್ಚಿದ್ದನ್ನು ತಿಳಿಸಲಾಗದೆ, ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನವೊಂದು ಕೂದಲೆಳೆಯಲ್ಲಿ ಉಳಿದಿತ್ತು. ಹಾರಿಸುತ್ತಿದ್ದವನು ಹಲ್ಲಿಯ ಸ್ವಂತ ಅಣ್ಣ.

ಹಲ್ಲಿ ಟವರ್ ಹತ್ತುವವನು. ಗೋಡೆಗೂ ಅಂಟಿಕೊಳ್ಳುತ್ತಾನೆಂದು ಬಿದ್ದ ಹೆಸರು. ಶಿಖರದಲ್ಲಿ ರೇಡಿಯೊ ಕೇಂದ್ರ ಹಾಕಿದರೆ ವಿಮಾನಕ್ಕೂ ನೆಲಕ್ಕೂ ಸಂದೇಶ ಓಡಾಡುತ್ತದೆಯೇ ಎಂದು ಇವತ್ತು ಪರೀಕ್ಷೆ. ಸೋತರೆ ಯೋಜನೆಯಿಂದ ಕಣಿವೆಗೇ ಕೊಕ್. ಅಣ್ಣ ಮಾತ್ರ ಅದೇ ಕಿವುಡು ಕಣಿವೆಯಲ್ಲಿ ಹಾರುತ್ತಲೇ ಇರಬೇಕು. ತಂಪು ಕೋಣೆಯಲ್ಲಿ ಕೈವಾರ ತಿರುಗಿಸಿ ಇದನ್ನೆಲ್ಲ ತೀರ್ಮಾನಿಸುವವರನ್ನು ನೆನೆದರೆ ಹಲ್ಲಿಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತಿದವರು ಮೂವರು. ಮುಂದೆ ದಾರಿ ತೋರುವ ಮುದುಕ, ಎಲ್ಲರ ಪಾಲಿಗೂ ಮಾವ. ನಡುವೆ ಈ ರೇಡಿಯೊ ಜಾಲದ ಯೋಜನೆ ಬರೆದ ಇಂಜಿನಿಯರ್ ಮೇಡಂ. ಹಿಂದೆ ಬೆನ್ನ ಮೇಲೆ ಆಂಟೆನಾ ಹೊತ್ತ ಹಲ್ಲಿ. ಕಾಡು ಮುಗಿದು ಕುರುಚಲು ಬಂತು, ಕುರುಚಲು ಮುಗಿದು ಬರೀ ಕಲ್ಲು. ಎಡಕ್ಕೆ ಕಣಿವೆ ಬಾಯ್ತೆರೆದು ಮಲಗಿತ್ತು. ಬಲಕ್ಕೆ ಬಯಲು, ಕಣ್ಣು ಸೋಲುವವರೆಗೂ ಬಯಲು.

"ಮೇಡಂ, ಈ ಬಂಡೆ ನಿಮ್ಮ ನಕ್ಷೇಲಿತ್ತಾ?"

"ಇತ್ತು. ಇಷ್ಟು ಎತ್ತರ ಇರ್ಲಿಲ್ಲ."

"ಬಾಯಿ ಆಮೇಲೆ ಆಡ್ಸೋ," ಎಂದ ಮಾವ. "ಕಾಲು ನೋಡ್ಕೋ."

ಹನ್ನೆರಡಕ್ಕೆ ಶಿಖರ. ಆಂಟೆನಾ ನಿಂತಿತು, ರೇಡಿಯೊ ಪೆಟ್ಟಿಗೆ ಮಿನುಗಿತು. ಪರೀಕ್ಷೆಗೆಂದೇ ಅಣ್ಣ ಹಾರಿಸುತ್ತಿದ್ದ ವಿಮಾನ ಕಣಿವೆಯನ್ನು ಹೊಕ್ಕಿತು.

ಪರದೆಯ ಮೇಲೆ ಒಂದು ಹಸಿರು ಗುರುತು. ಆಮೇಲೆ ಕೆಂಪು. ಕೆಂಪು. ಕೆಂಪು.

ಹನ್ನೊಂದು ನಿಮಿಷಕ್ಕೆ ದಾಟಿದ್ದು ನಾಲ್ಕೇ ಸಂದೇಶ. ವಿಮಾನ ಆಚೆ ಗುಡ್ಡದ ಹಿಂದೆ ಮರೆಯಾಯಿತು. ಇನ್ನೊಂದೇ ಸುತ್ತಿಗೆ ಇಂಧನವಿತ್ತು.

"ಇದಕ್ಕಿಂತ ಎತ್ತರದ ಜಾಗ ಇಲ್ವಲ್ಲೋ," ಎಂದರು ಮೇಡಂ.

ಹಲ್ಲಿ ಅವರ ಕೊರಳಲ್ಲಿದ್ದ ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟ. ಕರ್, ಕರ್, ಕರ್.

"ಅಣ್ಣ ಗುಡ್ಡದ ಹಿಂದಿದಾನೆ. ಹಾಗಾದ್ರೆ ಇಲ್ಲಿ ಗೊಣಗ್ತಿರೋದು ಯಾರು?"

ಮೇಡಂ ಬಲಕ್ಕೆ ತಿರುಗಿ ಬಯಲನ್ನು ನೋಡಿದರು. "ಇನ್ನೂರು ಕಿಲೋಮೀಟರ್ ಆಚೆಯ ಕೇಂದ್ರ. ಅದಕ್ಕೂ ಇದೇ ಚಾನೆಲ್ ಕೊಟ್ಟೆ. ಅಷ್ಟು ದೂರದ್ದು ಕೇಳ್ಸಲ್ಲ ಅಂದ್ಕೊಂಡೆ. ಶಿಖರದ ಎತ್ತರ ಲೆಕ್ಕಕ್ಕೇ ತಗೊಳ್ಲಿಲ್ಲ. ಬೇರೆಯವ್ರು ಮಾತಾಡ್ತಿದ್ರೆ ನಮ್ಮ ಪೆಟ್ಟಿಗೆ ಬಾಯಿ ಮುಚ್ಕೊಂಡು ಕಾಯುತ್ತೆ."

"ಅಂದ್ರೆ ಮರ್ಯಾದೆಯಿಂದ ಅಣ್ಣನ್ನ ಸಾಯ್ಸುತ್ತೆ."

ಮೇಡಂ ತಲೆ ತಗ್ಗಿಸಿದರು. ಬೈಯಲು ಇನ್ನೂ ಹತ್ತು ಮಾತು ನಾಲಿಗೆಯ ತುದಿಯಲ್ಲಿದ್ದವು, ಹಲ್ಲಿ ನುಂಗಿಕೊಂಡ. ಕಣಿವೆಯ ಕಡೆ ಇಣುಕಿದ. ಅರವತ್ತು ಅಡಿ ಕೆಳಗೆ ಮಂಚದಗಲದ ಒಂದು ಕಲ್ಲಿನ ಚಾಚು.

"ಅಲ್ಲಿಗೆ ಇಳಿದ್ರೆ ಬೆಟ್ಟಾನೇ ಆ ಬಯಲಿನ ಗೊಣಗಾಟಕ್ಕೆ ಅಡ್ಡ ನಿಲ್ಲುತ್ತೆ. ಕಣಿವೆ ಪೂರ್ತಿ ಕಾಣ್ಸುತ್ತೆ. ಮಾವ, ಹಗ್ಗ."

"ಕಲ್ಲು ಸಡಿಲ ಐತೆ ಮಗಾ."

"ಗೊತ್ತು. ಬಿಗಿಯಾಗಿ ಹಿಡ್ಕೊಳ್ಳಿ."

ಇಳಿದ. ಬೆನ್ನ ಮೇಲೆ ಮತ್ತೆ ಆಂಟೆನಾ. ಹತ್ತಡಿ, ಇಪ್ಪತ್ತಡಿ. ಆಂಟೆನಾದ ಕೇಬಲ್ ಮೇಲಿನ ಪೆಟ್ಟಿಗೆಯಿಂದ ಅವನ ಹಿಂದೆಯೇ ಬಿಚ್ಚಿಕೊಳ್ಳುತ್ತ ಬಂತು. ಗಾಳಿ ಅವನನ್ನು ಬಂಡೆಗೆ ಒಗೆಯಿತು.

ಕಾಲಡಿಯ ಕಲ್ಲು ಕಳಚಿತು.

ಹಗ್ಗ ಸೊಂಟವನ್ನು ಕತ್ತರಿಸುವಂತೆ ಎಳೆಯಿತು. ಮೇಲೆ ಮಾವ ನರಳಿದ್ದು ಕೇಳಿಸಿತು. ಜೊತೆಗೆ ಹಗ್ಗ ಹಿಡಿದವರು ಮೇಡಂ. ಹಲ್ಲಿ ಬೆರಳುಗಳನ್ನು ಬಿರುಕಿಗೆ ತುರುಕಿ ಚಾಚಿನ ಮೇಲೆ ಬಿದ್ದ.

ವಿಮಾನದ ಸದ್ದು ಬಂತು. ಆಂಟೆನಾ ನಿಲ್ಲಿಸಲು ಪುರುಸೊತ್ತಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬೆರಳಿನ ರಕ್ತ ಮೊಣಕೈವರೆಗೆ ಇಳಿಯಿತು.

"ಹಸಿರು," ಮೇಲಿನಿಂದ ಮೇಡಂ ದನಿ. "ಹಸಿರು. ಇದೂ ಹಸಿರು. ಅಲ್ಲಾಡ್ಬೇಡ."

ಹನ್ನೊಂದು ನಿಮಿಷ ಅವನು ಅಲ್ಲಾಡಲಿಲ್ಲ.

ಕೊನೆಗೆ ಮೇಡಂ ಬಗ್ಗಿ ಹೇಳಿದರು: "ಒಂದೂ ತಪ್ಪಿಲ್ಲ ಕಣೋ. ನಿಮ್ಮಣ್ಣ ಒಂದು ಸಂದೇಶ ಕಳ್ಸಿದಾನೆ. ಓದ್ಲಾ? 'ಮೋಡ ಕಟ್ತಿದೆ, ಬೇಗ ಇಳಿಯೋ ಕತ್ತೆ.'"

ಇಳಿಯುವಾಗ ಮಳೆ ಹಿಡಿಯಿತು. ಮಾವ ಕುಂಟುತ್ತಿದ್ದ, ಮೇಡಂ ಅಂಗೈಯ ಚರ್ಮ ಸುಲಿದಿತ್ತು. ಆಂಟೆನಾವನ್ನು ಮೂವರೂ ಸರದಿಯಲ್ಲಿ ಹೊತ್ತರು. ಜೀಪು ಕಾಣುವ ಹೊತ್ತಿಗೆ, ಮೇಡಂ ಕಳಿಸಿದ ಫಲಿತಾಂಶ ನೋಡಿ ಕಚೇರಿಯ ಫೋನ್.

"ಶಿಖರ ಬಿಟ್ಟು ಅರವತ್ತು ಅಡಿ ಕೆಳಗೆ ಯಾಕೆ ಅಂತ ಕೇಳ್ತಿದೀರಾ ಸರ್?" ಮೇಡಂ ಹಲ್ಲಿಯ ಕಡೆ ನೋಡಿದರು. "ನೀವೇ ಒಂದ್ಸಲ ಬಂದು ನೋಡಿ. ಹಗ್ಗ ಇವನು ಹಿಡ್ಕೋತಾನಂತೆ."

ಹಲ್ಲಿ ನಕ್ಕ. ಬೆಳಿಗ್ಗೆಯಿಂದ ಅದೇ ಮೊದಲು.