ಒಲೆ ಇಲ್ಲದವನ ತರಕಾರಿ ಚೀಲ

"ಮೊದಲು ಆ ಕೊಡೆ ಮುಚ್ಚು! ಇದೇನು ಸರ್ಕಸ್ಸಾ? ನಾನೇನು ಬೋನಿನೊಳಗಿನ ಕೋತಿನಾ?"

ಸೊಪ್ಪಿನವಳ ಕೂಗಿಗೆ ಪಕ್ಕದ ಅಂಗಡಿಯಲ್ಲಿ ಅವಳ ಅತ್ತಿಗೆ ತೂಗುತ್ತಿದ್ದ ತಕ್ಕಡಿಯೂ ನಿಂತಿತು. ಗೈಡ್ ತಬ್ಬಿಬ್ಬಾಗಿ ತನ್ನ ಕೆಂಪು ಕೊಡೆ ಮುಚ್ಚಿದ. ಅವನ ಬೆನ್ನ ಹಿಂದೆ ಪ್ರವಾಸಿಗರ ದೊಡ್ಡ ಗುಂಪು. ಒಬ್ಬ ಬದನೆಕಾಯಿ ಹಿಡಿದು ಸೆಲ್ಫಿ ತೆಗೆಯುತ್ತಿದ್ದ. ಇನ್ನೊಬ್ಬಳು ಕೊತ್ತಂಬರಿ ಕಟ್ಟು ಮೂಸಿ ಟೊಮೆಟೊ ಗುಡ್ಡೆಯ ಮೇಲೆ ಎಸೆದಳು. ದಿನದ ಗಿರಾಕಿಗಳು ನುಸುಳಲು ದಾರಿಯಿಲ್ಲದೆ ಗೊಣಗುತ್ತಾ ಆಚೆ ಸಾಲಿಗೆ ಹೋದರು.

"ನಾನು ಕರ್ಕೊಂಡು ಬಂದಿದ್ದಲ್ಲ ಕಣೇ..."

"ಮತ್ತೆ ಗಾಳೀಲಿ ಹಾರ್ಕೊಂಡು ಬಂದ್ರಾ?"

ಆ ಊರು ನೋಡಲು ಬಂದವರನ್ನೆಲ್ಲ ಕೋಟೆ ಬಾಗಿಲ ಬಜಾರಿಗೆ ಕರೆದೊಯ್ಯುವುದು ವಾಡಿಕೆ. ಅಲ್ಲಿ ಹಣ್ಣಿಗೆ ಮೇಣ, ಮಾತಿಗೆ ಸಕ್ಕರೆ. ಊರಿನವರು ಕೊಳ್ಳುವ ಮಾರ್ಕೆಟ್ ಇದು, ಬಸ್ ಡಿಪೋ ಹಿಂದಿನದು. ಗೈಡ್ ಇಲ್ಲಿಗೆ ದಿನಾ ಕೆಲಸಕ್ಕೆ ಮೊದಲು ಒಬ್ಬನೇ ಬರುತ್ತಿದ್ದ. ಅವಳು ತೂಗುವಾಗ ತಕ್ಕಡಿ ಬಿಟ್ಟು ಅವಳ ಕಿವಿಯ ಪಕ್ಕದ ಕೂದಲು ನೋಡುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ನಿಧಾನವಾಗಿ ತೂಗುತ್ತಿದ್ದಳು.

"ನಿನ್ನೆ ಹಾಗಲಕಾಯಿ ಹೇಗಿತ್ತು?" ಎಂದು ಒಮ್ಮೆ ಕೇಳಿದ್ದಳು.

"ಸಿಹಿಯಾಗಿತ್ತು."

"ಹಾಗಲಕಾಯಿನಾ?"

"ನೀನು ಕೊಟ್ಟಿದ್ದಲ್ವಾ."

ಆ ದಿನವಿಡೀ ಅವಳು ಒಬ್ಬಳೇ ನಕ್ಕಿದ್ದಳು. ಈಗ ಆ ನಗುವೆಲ್ಲ ಕಹಿಯಾಯಿತು. ಹಾಗಾದರೆ ಇವನು ನೋಡಲು ಬರುತ್ತಿದ್ದದ್ದು ತನ್ನನ್ನಲ್ಲ, ಟೂರಿಗೆ ಹೊಸ ಜಾಗವನ್ನು.

"ಇಷ್ಟು ದಿನ ಬಂದಿದ್ದು ಇದಕ್ಕೇನಾ?" ಅವಳ ದನಿ ಸಣ್ಣದಾಯಿತು. ಮರುಕ್ಷಣ ಮತ್ತೆ ಏರಿತು. "ಒಲೆ ಇಲ್ಲದ ಜನಕ್ಕೆ ತರಕಾರಿ ಯಾಕೋ? ಹೋಟೆಲ್ ರೂಮಲ್ಲಿ ಬದನೆಕಾಯಿ ತಬ್ಕೊಂಡು ಮಲಗ್ತಾರಾ?"

ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು ಕಿಸಕ್ಕನೆ ನಕ್ಕು ಮುಂದೆ ಬಂದಳು.

"ಅವನನ್ನ ಬೈಬೇಡ ತಾಯಿ. ನಾವಿರೋ ಲಾಡ್ಜಲ್ಲಿ ತರಕಾರಿ ಎಷ್ಟು ಚೆನ್ನಾಗಿತ್ತು ಅಂತೀಯ! ಎಲ್ಲಿಂದ ತರ್ತೀ ಅಂತ ಅಡುಗೆಯವಳನ್ನ ಕೇಳಿದೆ. ಹಿಂದಿನ ರೂಮಲ್ಲಿರೋ ಗೈಡ್ ದಿನಾ ತಂದುಕೊಡ್ತಾನೆ ಅಂದ್ಲು. ಇವನ ಹತ್ರ ಗೋಗರೆದ್ರೂ ಜಾಗ ಹೇಳ್ಲಿಲ್ಲ. ಕೆಂಪು ಕೊಡೆ ಕಂಡ್ರೆ ಹಿಂದೆ ಬನ್ನಿ ಅಂತ ನಮಗೆ ಪಾಠ ಮಾಡಿದ್ದು ಇವನೇ. ಇವತ್ತು ಇಲ್ಲಿಗೆ ಹೊರಟವನು ತುಂತುರು ಹನಿ ಅಂತ ಕೊಡೆ ಬಿಚ್ಚಿದ. ಬಂದ್ವಿ!"

ಸೊಪ್ಪಿನವಳು ಗೈಡ್ ಕಡೆ ತಿರುಗಿದಳು. "ಅಡುಗೆಯವಳಿಗೆ ಯಾಕೆ ಕೊಡ್ತೀಯ?"

ಅವನು ಕೊಡೆಯ ತುದಿಯಿಂದ ನೆಲ ಕೆದರಿದ.

"ಅವನ ರೂಮಲ್ಲಿ ಒಲೆ ಎಲ್ಲಿದೆ?" ಅಜ್ಜಿಯೇ ಅಂದಳು. "ಮಲಗಿದ್ರೆ ಕಾಲು ಬಾಗಿಲಾಚೆ."

"ಹಾಗಾದ್ರೆ ಆ ಹಾಗಲಕಾಯಿ?"

"ತಿಂದಿಲ್ಲ," ಎಂದ ಗೈಡ್.

"ಕುಂಬಳಕಾಯಿ?"

"ಹೊತ್ಕೊಂಡು ಹೋಗಿ ಭುಜ ನೋವು ಬಂತು."

"ಮತ್ತೆ ಯಾಕೋ ತಗೊಂಡೆ, ಪೆದ್ದು?"

"ಸುಮ್ನೆ ಬಂದು ನಿಂತಿದ್ರೆ ಓಡಿಸ್ತಿದ್ದೆಯಲ್ಲ. ನಿನ್ನ ನೋಡೋಕೆ ಬೇರೆ ನೆಪ ಸಿಗ್ಲಿಲ್ಲ."

ಬೈಯಲು ಬಾಯಿ ತೆರೆದಳು. ಬಾಯಿ ತುಂಬ ಬೈಗುಳ ಇರುವವಳಿಗೆ ಒಂದೂ ನೆನಪಾಗಲಿಲ್ಲ. ಕಣ್ಣು ತುಂಬಿಬಂತು. ಅದನ್ನು ಮುಚ್ಚಲು ಗುಂಪಿನ ಮೇಲೆ ರೇಗಿದಳು.

"ಏನ್ ನೋಡ್ತೀರ ಬಾಯಿ ಬಿಟ್ಕೊಂಡು? ಸೌತೆಕಾಯಿ ತಗೊಳ್ಳಿ, ಅದಕ್ಕೆ ಒಲೆ ಬೇಡ!"

ಅಜ್ಜಿ ಮೊದಲು ಎರಡು ಆರಿಸಿಕೊಂಡಳು. ಉಳಿದವರೂ ಕೈ ಚಾಚಿದರು.

ಸೊಪ್ಪಿನವಳು ಚೀಲಕ್ಕೆ ಎಳೆಯ ಹಾಗಲಕಾಯಿಗಳನ್ನು ತುಂಬಿ ಗೈಡ್ ಕೈಗೆ ಕೊಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ಅತ್ತಿಗೆ, ಅಂಗಡಿ ನೋಡ್ಕೋ. ಈಗ ಬಂದೆ."

"ಎಲ್ಲಿಗೆ ಹೊರಟೆ?"

"ಮನೆಗೆ. ನಮ್ಮನೇಲಿ ಒಲೆ ಇದೆ. ಹಾಗಲಕಾಯಿ ಎಷ್ಟು ಸಿಹಿ ಅಂತ ಇವನೂ ನೋಡ್ಲಿ."

ಗೈಡ್ ಪ್ರವಾಸಿಗರ ಕಡೆ ನೋಡಿದ. "ಹೋಗಪ್ಪ," ಅಂದಳು ಅಜ್ಜಿ, ಸೌತೆಕಾಯಿ ಕಚ್ಚುತ್ತಾ. "ಕೋಟೆ ಎಲ್ಲೂ ಓಡಿಹೋಗಲ್ಲ."

ಹೊರಗೆ ಹನಿ ಬಿರುಸಾಗಿತ್ತು. ಅವನು ಕೊಡೆ ಬಿಚ್ಚಲು ಹೋದ.

"ಮುಚ್ಚೋ! ಮತ್ತೆ ಎಲ್ಲರೂ ಹಿಂದೆ ಬಂದಾರು."

ಇಬ್ಬರೂ ನೆನೆಯುತ್ತಲೇ ಹೋದರು. ಅತ್ತಿಗೆ ಅಂದು ಎರಡು ಅಂಗಡಿ ನೋಡಿಕೊಂಡಳು. ಸಂಜೆ ಕೊನೆಯ ಕೊತ್ತಂಬರಿ ಕಟ್ಟು ಮಾರಿ, ಬುಟ್ಟಿಗಳ ಮೇಲೆ ಗೋಣಿತಾಟು ಎಳೆದಳು. ಈಗ ಬಂದೆ ಎಂದವಳು ಬರಲೇ ಇಲ್ಲ.